ಬಾಗಿಲ ಪಕ್ಕದ ಸ್ಟೂಲು

ಕಡಲೆಹಿಟ್ಟಿನ ಉಂಡೆ ಮಾಡುವುದಕ್ಕೆ ನಮ್ಮ ಮನೆಯಲ್ಲಿ ಇಬ್ಬರು ಬೇಕು. ಒಬ್ಬರು ಬಾಣಲೆಯ ಮುಂದೆ ನಿಂತು ಹಿಟ್ಟು ಹುರಿಯಬೇಕು, ಇನ್ನೊಬ್ಬರು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ‘ಸಾಕು’ ಅನ್ನಬೇಕು. ನಿಲ್ಲುವವಳು ನಾನು. ಕೂರುವವರು ಅಕ್ಕ. ಅವರು ‘ಸಾಕು’ ಅಂದ ಕೂಡಲೇ ನಾನು ಸ್ಟವ್ ಆರಿಸುತ್ತಿದ್ದೆ. ಅವರು ಅನ್ನದೆ ನಾನು ಆ ತಿರುಪಿಗೆ ಕೈ ಹಚ್ಚಿದ್ದು ಒಂದು ಸಲವೂ ಇಲ್ಲ.

ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ, ವಾರಗಿತ್ತಿ. ಅವರು ಹಿರಿಯ ಮಗನ ಹೆಂಡತಿ, ನಾನು ಕಿರಿಯವನ ಹೆಂಡತಿ. ಈ ಮನೆಗೆ ಬಂದ ದಿನವೇ ಅವರು ನನಗೆ ಸಣ್ಣೋಳು ಅಂತ ಹೆಸರಿಟ್ಟರು. ಈಗ ನನ್ನ ಸೊಂಟದ ಸುತ್ತಳತೆ ನೋಡಿದವರು ಯಾರೂ ಆ ಹೆಸರು ಒಪ್ಪುವುದಿಲ್ಲ, ಆದರೂ ಅಕ್ಕ ಬದಲಾಯಿಸಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದದ್ದು ನಾವಿಬ್ಬರು, ಎರಡನೇ ಮಹಡಿಯ ಈ ಮನೆ, ಮತ್ತು ಅತ್ತೆಯ ಕಾಲದ ದಪ್ಪ ತಳದ ಬಾಣಲೆ. ಉಂಡೆ ಕಟ್ಟಿ ಮಾರುವುದಕ್ಕೆ ಶುರು ಮಾಡಿದ್ದು ಹೊತ್ತು ಕಳೆಯಲಿ ಅಂತ. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಅದೇ ನಮ್ಮ ಕೆಲಸವಾಯಿತು.

ಕೆಲಸದ ಕ್ರಮ ಅಕ್ಕನದೇ. ಬಾಣಲೆಯ ಮೇಲೆ ಬಗ್ಗಿ ನಿಂತವರ ಮೂಗು ಬೇಗ ಮಂಕಾಗುತ್ತದೆ, ಘಮ ಸರಿಯಾಗಿ ತಿಳಿಯಬೇಕಾದರೆ ದೂರ ಕೂತಿರಬೇಕು ಅನ್ನುವುದು ಅವರ ಸಿದ್ಧಾಂತ. ತುಪ್ಪ ಕರಗಿಸಿ ಹಿಟ್ಟು ಸುರಿದು ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯುತ್ತಿರಬೇಕು. ಮೊದಲು ಹಿಟ್ಟು ತುಪ್ಪವನ್ನೆಲ್ಲ ಕುಡಿದು ಮುದ್ದೆಯಾಗಿ ಮೊಂಡು ಹಿಡಿಯುತ್ತದೆ. ತೋಳು ಬಿದ್ದುಹೋಗುತ್ತದೆ. ಹಾಗೇ ಹುರಿಯುತ್ತ ಹೋದರೆ ಕುಡಿದ ತುಪ್ಪವನ್ನು ನಿಧಾನಕ್ಕೆ ಬಿಟ್ಟುಕೊಡುತ್ತ ಸಡಿಲವಾಗುತ್ತದೆ. ಅಲ್ಲಿಂದ ಮುಂದೆ ಬಹಳ ಸೂಕ್ಷ್ಮ. ಸ್ವಲ್ಪ ಮುಂಚೆ ಇಳಿಸಿದರೆ ಹಸಿ ವಾಸನೆ, ಉಂಡೆ ಅಂಗುಳಕ್ಕೆ ಅಂಟುತ್ತದೆ. ಸ್ವಲ್ಪ ತಡವಾದರೆ ಕಹಿ. ಆಮೇಲೆ ಏಲಕ್ಕಿ ಸುರಿದರೂ ಅಷ್ಟೆ, ಕೇಸರಿ ಸುರಿದರೂ ಅಷ್ಟೆ.

ನಾನು ಸುಮ್ಮನೆ ನಿಂತು ಹುರಿಯುವವಳಲ್ಲ. ಸೌಟು ತಿರುಗಲು ಶುರುವಾದರೆ ನನ್ನ ಬಾಯಿಯೂ ಶುರು. ಹಾಲಿನವನು ಹಾಲಿಗೆ ನೀರು ಹಾಕುತ್ತಾನೋ ನೀರಿಗೆ ಹಾಲು ಹಾಕುತ್ತಾನೋ, ಅಂಗಡಿಯವನು ಕೊಟ್ಟ ಏಲಕ್ಕಿಯಲ್ಲಿ ಸಿಪ್ಪೆ ಬಿಟ್ಟರೆ ಒಳಗೆ ಏನಿದೆ, ಎದುರು ಮನೆಯ ಸೊಸೆ ಬಟ್ಟೆ ಒಣಹಾಕುವ ರೀತಿ ಯಾವ ಸೀಮೆಯದು, ಎಲ್ಲವೂ ಬರುತ್ತಿದ್ದವು. ಅಕ್ಕ ಹೂಂ ಅನ್ನುವುದೂ ಅಪರೂಪ. ಕಣ್ಣು ಅರೆ ಮುಚ್ಚಿ ಕೂತಿರುತ್ತಿದ್ದರು. ಆಮೇಲೆ ಒಂದು ಗಳಿಗೆಯಲ್ಲಿ ‘ಸಾಕು’ ಅನ್ನುತ್ತಿದ್ದರು.

ಉಂಡೆ ತಿಂದವರೆಲ್ಲ ಹೊಗಳಿದ್ದು ಅಕ್ಕನ ಮೂಗನ್ನು. ‘ಆ ಮೂಗಿಗೆ ವಜ್ರದ ಮೂಗುಬಟ್ಟು ಹಾಕಿಸಬೇಕು’ ಅಂದವರಿದ್ದಾರೆ. ನನ್ನ ತೋಳಿಗೆ ಒಂದು ಹಿತ್ತಾಳೆ ಬಳೆಯ ಮಾತನ್ನೂ ಯಾರೂ ಎತ್ತಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ. ಗೋಣು ಬಗ್ಗಿಸಿ ಬೆವರು ಸುರಿಸುವವಳು ನಾನು, ಕೂತಲ್ಲಿಂದ ಒಂದು ಮಾತು ಅಂದು ಹೆಸರು ಹೊಡೆದುಕೊಳ್ಳುವವರು ಅವರು.

ಅಕ್ಕನ ಮಂಡಿ ಕೈಕೊಟ್ಟಿದ್ದು ಮೆಟ್ಟಿಲಿನಿಂದ. ನಮ್ಮದು ಲಿಫ್ಟ್ ಇಲ್ಲದ ಹಳೆ ಕಟ್ಟಡ. ಮೇಲೆ ಬರುವಾಗ ನಡುವೆ ಒಂದು ಕಿಟಕಿ ಇದೆ, ಅಲ್ಲಿಗೆ ಬಂದ ಕೂಡಲೇ ಅಕ್ಕ ನಿಂತುಬಿಡುತ್ತಿದ್ದರು. “ನೋಡೇ ಸಣ್ಣೋಳೆ, ಆ ಹಸಿರು ಸ್ಕೂಟರ್ ಇನ್ನೂ ಅಲ್ಲೇ ಇದೆ” ಅನ್ನುತ್ತಿದ್ದರು. ಅದು ಎಲ್ಲಿ ಹೋಗುತ್ತದೆ, ಅದರ ಚಕ್ರಕ್ಕೆ ಗಾಳಿ ಇಲ್ಲ, ಸೀಟಿನೊಳಗೆ ಇಲಿ ಗೂಡು ಮಾಡಿದೆ. ಅಕ್ಕ ನಿಂತದ್ದು ಮಂಡಿಗೆ ಬಿಡುವು ಕೊಡುವುದಕ್ಕೆ ಅಂತ ನನಗೂ ಗೊತ್ತು, ನನಗೆ ಗೊತ್ತು ಅಂತ ಅವರಿಗೂ ಗೊತ್ತು. ನಾನೂ ಪಕ್ಕದಲ್ಲಿ ನಿಂತು, “ಹೌದಲ್ಲ, ಇನ್ನೂ ಅಲ್ಲೇ ಇದೆ” ಅನ್ನುತ್ತಿದ್ದೆ.

ಕೊನೆಗೆ ಒಂದು ದಿನ ಆ ಕಿಟಕಿಯ ಹತ್ತಿರದಿಂದ ಮುಂದಕ್ಕೂ ಆಗದೆ ಹಿಂದಕ್ಕೂ ಆಗದೆ ಕೂತುಬಿಟ್ಟರು. ಕೆಳಗಿನ ಟೈಲರ್ ಬಂದು ನನ್ನ ಜೊತೆ ಕೈ ಕೊಟ್ಟು ಮೇಲೆ ಹತ್ತಿಸಿದ. ವಿಷಯ ತಿಳಿದು ಅವರ ಮಗಳು ಗಂಡನ ಜೊತೆ ಬಂದಳು. ಅವಳಿರುವುದು ಬೇರೆ ಊರಲ್ಲಿ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅವಳ ಮನೆ ನೆಲಮಟ್ಟದಲ್ಲಿದೆ, ಆಸ್ಪತ್ರೆ ಹತ್ತಿರದಲ್ಲಿದೆ. ಸ್ವಲ್ಪ ದಿನ ಇದ್ದು ಬರಲಿ ಅಂತ ಕರೆದುಕೊಂಡು ಹೋದಳು. ಸ್ವಲ್ಪ ದಿನ ಅನ್ನುವ ಮಾತು ರಬ್ಬರಿನ ಹಾಗೆ ಎಳೆದುಕೊಂಡು ಹೋಯಿತು.

ಅಕ್ಕ ಹೋದ ಮೇಲೆ ನಾನು ಉಂಡೆ ಮಾಡಲಿಲ್ಲ. ಕೇಳಿಕೊಂಡು ಬಂದವರಿಗೆ, ಅಕ್ಕ ಬರಲಿ, ಮಾಡಿಕೊಡ್ತೀವಿ ಅಂದೆ. ಬೆಳಗ್ಗೆ ಕಾಫಿಗೆ ಎರಡು ಲೋಟ ತೆಗೆಯುತ್ತೇನೆ, ಒಂದನ್ನು ಮತ್ತೆ ಒಳಗಿಡುತ್ತೇನೆ. ಅನ್ನ ಎಷ್ಟು ಕಡಿಮೆ ಮಾಡಿದರೂ ಮಿಗುತ್ತದೆ. ಮಾತಂತೂ ಬಾಯಲ್ಲೇ ಹುಳಿಯಾಗುತ್ತದೆ. ಹಾಲಿನವನು ನನ್ನ ಮುಖ ಕಂಡರೆ ಪಾತ್ರೆಗೆ ಹಾಲು ಸುರಿದು ಮೆಟ್ಟಿಲು ಇಳಿದುಬಿಡುತ್ತಾನೆ, ನಿಂತರೆ ನಾನು ಬಿಡುವುದಿಲ್ಲ ಅಂತ. ಅವನ ಹಾಲಿನ ಬಗ್ಗೆ ನಾನು ಅಂದ ಮಾತುಗಳು ಅವನ ಕಿವಿಗೂ ಬಿದ್ದಿರಬೇಕು.

ಹೀಗಿರುವಾಗ ಒಂದು ಬೆಳಗ್ಗೆ ಮಗಳು ಫೋನ್ ಮಾಡಿದಳು.

“ಚಿಕ್ಕಮ್ಮ, ಅಮ್ಮ ಒಂದೇ ಸಮ ಹಟ ಹಿಡ್ದಿದಾರೆ. ವಾಪಸ್ ಕಳ್ಸು ಅಂತಾರೆ. ಸರಿಯಾಗಿ ಊಟಾನೂ ಮಾಡ್ತಿಲ್ಲ.”

ನನ್ನ ಎದೆ ಹಾರಿತು. ಸಂತೋಷಕ್ಕೇ ಹಾರಿತು. “ಯಾಕಂತೆ?” ಅಂದೆ.

“ನೀವು ಉಂಡೆ ಮಾಡೋಕೆ ಅವರಿಲ್ದೆ ಆಗಲ್ವಂತೆ. ಸಣ್ಣೋಳ ಕೆಲ್ಸ ಎಲ್ಲ ನಿಂತೋಯ್ತು, ನಾನಿಲ್ದೆ ಅವಳು ಹಿಟ್ಟು ಹೊತ್ತಿಸ್ತಾಳೆ ಅಂತ ಅದನ್ನೇ ಹೇಳ್ತಾರೆ. ಡಾಕ್ಟರ್ ನೋಡಿದ್ರೆ ಇನ್ನು ಮೆಟ್ಟಿಲು ಹತ್ತಲೇಬಾರದು ಅಂದಿದಾರೆ. ಮೆಟ್ಟಿಲಲ್ಲಿ ಬಿದ್ರೆ ಮತ್ತೆ ಎದ್ದು ಓಡಾಡೋದು ಕಷ್ಟ ಅಂತೆ.”

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ಇವರು ನಾಡಿದ್ದು ಕೆಲ್ಸದ ಮೇಲೆ ಆ ಕಡೆ ಬರ್ತಾರೆ. ನೀವು ಒಬ್ಬರೇ ಒಂದು ಡಬ್ಬಿ ಉಂಡೆ ಮಾಡಿ ಕಳ್ಸಿ ಚಿಕ್ಕಮ್ಮ. ಚೆನ್ನಾಗಾಗಿದ್ರೆ ಅಮ್ಮನಿಗೆ ಸಮಾಧಾನ ಆಗುತ್ತೆ, ಇಲ್ಲೇ ಇರ್ತಾರೆ. ಆಗ್ಲಿಲ್ಲ ಅಂದ್ರೆ ನಾನು ಇನ್ನು ಹಿಡ್ಕೊಳ್ಳೋಕಾಗಲ್ಲ. ಕರ್ಕೊಂಡು ಬಂದು ಬಿಡ್ತೀನಿ.”

“ಆಯ್ತಮ್ಮ, ಮಾಡ್ತೀನಿ” ಅಂದೆ.

ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಸ್ಟೂಲನ್ನು ನೋಡಿದೆ. ಉಂಡೆ ಚೆನ್ನಾದರೆ ಅಕ್ಕ ಬರುವುದಿಲ್ಲ. ಕೆಟ್ಟರೆ ಬರುತ್ತಾರೆ. ಇಂಥ ಪರೀಕ್ಷೆಯನ್ನು ಯಾರಾದರೂ ಯಾರಿಗಾದರೂ ಕೊಡುತ್ತಾರೆಯೇ ಅಂತ ಮಗಳ ಮೇಲೆ ಸಿಟ್ಟು ಬಂತು. ಅವಳಿಗೆ ಪಾಪ ಗೊತ್ತೂ ಇಲ್ಲ, ಚಿಕ್ಕಮ್ಮನಿಗೆ ಯಾವುದು ಬೇಕು ಅಂತ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಶುರು ಮಾಡಿದೆ. ಏಲಕ್ಕಿ ಬಿಡಿಸಿ, ಒಂದು ಚಿಟಿಕೆ ಸಕ್ಕರೆ ಸೇರಿಸಿ ಕುಟ್ಟಾಣಿಯಲ್ಲಿ ಕುಟ್ಟಿದೆ. ಜಾಯಿಕಾಯಿ ಸ್ವಲ್ಪ ತುರಿದೆ. ಎರಡು ಲವಂಗ ಬಿಸಿಮಾಡಿ ಅದರ ಜೊತೆಗೇ ಪುಡಿಮಾಡಿದೆ. ಈ ಕೆಲಸ ಮಾಡುವಾಗೆಲ್ಲ ಅಕ್ಕ, “ಏಲಕ್ಕಿ ಹಾಕಿದ್ಯಾ?” ಅಂತ ಒಂದು ಸಲ ಕೇಳಿಯೇ ಕೇಳುತ್ತಿದ್ದರು. ಮೂಗಿರುವವರು ಕೇಳುವುದೇನು, ಅಧಿಕಾರ ತೋರಿಸುವುದಕ್ಕೆ ಕೇಳುತ್ತಾರೆ ಅಂದುಕೊಳ್ಳುತ್ತಿದ್ದೆ. ಇವತ್ತು ಯಾರೂ ಕೇಳಲಿಲ್ಲ. ಕುಟ್ಟಾಣಿಯ ಸದ್ದು ನಿಂತ ಮೇಲೆ ಮನೆಯಲ್ಲಿ ಇನ್ಯಾವ ಸದ್ದೂ ಇರಲಿಲ್ಲ, ಕೆಳಗೆ ಟೈಲರ್‌ನ ಮಿಷಿನ್ ಓಡುವುದೊಂದು ಬಿಟ್ಟರೆ.

ತುಪ್ಪ ಕರಗಿತು, ಹಿಟ್ಟು ಬಿತ್ತು. ಹುರಿದೆ. ಮೊಂಡು ಹಿಡಿದು ಮುದ್ದೆಯಾಯಿತು, ಆಮೇಲೆ ಸಡಿಲವಾಯಿತು. ಈಗ ಇರಬಹುದೇನೋ ಅಂತ ಒಂದು ಸಲ ಅನ್ನಿಸಿತು. ಆದರೆ ‘ಸಾಕು’ ಅನ್ನುವ ಮಾತು ಬಂದಿರಲಿಲ್ಲ. ಮಾತು ಬರದೆ ಕೈ ನಿಲ್ಲುವುದಿಲ್ಲ, ಅಷ್ಟು ವರ್ಷದ ಅಭ್ಯಾಸ. ಅಕ್ಕ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಬೆನ್ನ ಹಿಂದೆ ಕಿವಿ ಇಟ್ಟುಕೊಂಡು ಕಾಯುತ್ತಲೇ ಹುರಿದೆ. ಬಣ್ಣ ಕಂದಿತು. ಘಾಟು ಮೂಗಿಗೆ ಹೊಡೆದ ಮೇಲೆ ಎಚ್ಚರವಾಗಿ ಸ್ಟವ್ ಆರಿಸಿದೆ. ಕಾಲ ಮಿಂಚಿತ್ತು.

ಕೆಳಗೆ ಮಿಷಿನ್ ನಿಂತಿತು. ಟೈಲರ್ ತನ್ನ ಅಂಗಡಿಯ ಬಾಗಿಲಿಗೆ ಬಂದು ತಲೆ ಎತ್ತಿ ಕೂಗಿದ.

“ಚಿಕ್ಕಮ್ನೋರೇ, ಏನೋ ಹೊತ್ತೋ ವಾಸನೆ ಬರ್ತಿದೆ. ಇಸ್ತ್ರಿ ನಂದಲ್ಲ, ನೋಡ್ಕೊಂಡೆ.”

“ನಂದೇ ಕಣಯ್ಯ, ನಿನ್ನ ಹೊಲಿಗೆ ನೋಡ್ಕೋ” ಅಂದೆ.

ಹಿಟ್ಟನ್ನು ಚೆಲ್ಲಬೇಕಿತ್ತು. ಚೆಲ್ಲಲಿಲ್ಲ. ಆರುವುದಕ್ಕೆ ಬಿಟ್ಟು, ಸಕ್ಕರೆ ಪುಡಿ ಬೆರೆಸಿ, ಮಸಾಲೆ ಹಾಕಿ, ಒಂದೊಂದನ್ನೂ ಗುಂಡಗೆ ಕಟ್ಟಿದೆ. ನಾನು ಬೇಕಂತ ಹೊತ್ತಿಸಿದ್ದಲ್ಲವಲ್ಲ, ತಾನಾಗೇ ಹೊತ್ತಿತು ಅಂತ ನನಗೆ ನಾನೇ ಹೇಳಿಕೊಂಡೆ. ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದೆ. ಮುಚ್ಚಳ ಹಾಕುವಾಗ, ಅಕ್ಕನ ಹಾಸಿಗೆಯ ಹೊದಿಕೆ ಒಗೆದು ಹಾಕಬೇಕು ಅನ್ನುವ ಯೋಚನೆಯೂ ಬಂದುಹೋಯಿತು.

ಸಂಜೆ ಅಕ್ಕನೇ ಫೋನ್ ಮಾಡಿದರು. ಮಗಳು ಎಲ್ಲವನ್ನೂ ಹೇಳಿದ್ದಳು ಅಂತ ಕಾಣುತ್ತದೆ.

“ಹೇಗಾಯ್ತೇ?”

“ಹೊತ್ತಿತು.”

ಅತ್ತ ಕಡೆ ಅಕ್ಕ ನಕ್ಕರು. ಹಾಗೆ ಅವರು ನಕ್ಕು ಬಹಳ ಕಾಲವಾಗಿತ್ತು. “ನಾನು ಇವಳಿಗೆ ಬಡ್ಕೊಂಡೆ, ಅವಳಿಗೆ ನಾನಿಲ್ದೆ ಆಗಲ್ಲ ಅಂತ. ಅದನ್ನೇ ಕಳ್ಸು. ತಿಂದು ನೋಡ್ಲಿ. ಆಮೇಲೆ ನನ್ನ ಇಲ್ಲಿ ಯಾರು ಕೂರಿಸ್ತಾರೋ ನೋಡ್ತೀನಿ.”

“ಡಬ್ಬೀಗೆ ತುಂಬಿಟ್ಟಿದೀನಿ” ಅಂದೆ. ನಾನೂ ನಕ್ಕೆ. ಇಬ್ಬರು ಕಳ್ಳಿಯರು ಸಂಚು ಹೂಡಿದ ಹಾಗೆ ನಕ್ಕೆವು.

“ಹುರಿಯೋವಾಗ ಯಾರನ್ನ ಬೈದೆ? ಹಾಲಿನೋನನ್ನಾ?”

“ಯಾರನ್ನ ಬೈಯೋದು ಅಕ್ಕ? ಕೇಳೋಕೆ ಯಾರಿದ್ದಾರೆ ಇಲ್ಲಿ?”

“ಏನೂ ಮಾತಾಡ್ಲಿಲ್ವಾ?”

“ಗೋಡೆ ಜೊತೆ ಮಾತಾಡ್ಲಾ?”

ಫೋನ್ ಕಡಿದುಹೋಯಿತೇನೋ ಅಂದುಕೊಂಡೆ. ಹಲೋ ಹಲೋ ಅಂದೆ.

“ಹಾಗಾದ್ರೆ ಹೊತ್ತದೆ ಇನ್ನೇನಾಗುತ್ತೆ” ಅಂದರು. ದನಿಯಲ್ಲಿದ್ದ ನಗು ಹೋಗಿತ್ತು. “ಸಣ್ಣೋಳೆ, ಒಂದು ಮಾತು ಹೇಳ್ತೀನಿ, ಬೈಬೇಡ. ನನ್ನ ಮೂಗು ಹೋಗಿ ಬಹಳ ಕಾಲ ಆಯ್ತು ಕಣೇ.”

“ಹೋಯ್ತು ಅಂದ್ರೆ?”

“ಆ ಜ್ವರ ಬಂದಿತ್ತಲ್ಲ, ನಿನ್ನ ಗಂಡ ಇನ್ನೂ ಇದ್ದಾಗ. ಅವತ್ತಿಂದ ಏನೂ ಗೊತ್ತಾಗಲ್ಲ. ತುಪ್ಪನೂ ಇಲ್ಲ, ಏಲಕ್ಕಿನೂ ಇಲ್ಲ. ಹೂ ಮುಡಿದ್ರೂ ಅಷ್ಟೆ, ಕಸ ಸುಟ್ರೂ ಅಷ್ಟೆ.”

“ಮತ್ತೆ ಸಾಕು ಅಂತ ಹೇಗೆ ಹೇಳ್ತಿದ್ರಿ?”

“ನಿನ್ನ ಬಾಯಿ ನಿಂತಾಗ ಹೇಳ್ತಿದ್ದೆ.”

“ಏನು?”

“ನೀನು ಹುರಿಯೋಕೆ ನಿಂತ್ರೆ ಬೀದಿಯೋರನ್ನೆಲ್ಲ ಬೈತೀಯಲ್ಲ. ಹಿಟ್ಟು ಹದಕ್ಕೆ ಬರುತ್ತಿದ್ದ ಹಾಗೇ ನಿನ್ನ ಮಾತು ನಿಂತೋಗುತ್ತೆ. ಅರ್ಧ ಮಾತಲ್ಲೇ ನಿಲ್ಲುತ್ತೆ. ನಿನಗೇ ಗೊತ್ತಾಗಲ್ಲ. ಮೊದಲನೇ ಸಲ ಹೆದರ್ತಾ ಹೆದರ್ತಾ ಸಾಕು ಅಂದೆ. ಸರಿಯಾಯ್ತು. ಆಮೇಲೆ ಯಾವತ್ತೂ ತಪ್ಪಲಿಲ್ಲ. ನಿನ್ನ ಮೂಗಿಗೆ ಗೊತ್ತಾಗುತ್ತೆ, ನಿನ್ನ ತೋಳಿಗೆ ಗೊತ್ತಾಗುತ್ತೆ. ನಿನಗೆ ಮಾತ್ರ ಗೊತ್ತಿರ್ಲಿಲ್ಲ.”

ಸಿಟ್ಟು ನೆತ್ತಿಗೇರಿತು. ಒಂದು ಸಲ ಗ್ಯಾಸ್ ಸಣ್ಣಗೆ ಸೋರುತ್ತಿದ್ದಾಗ ಅಕ್ಕ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಹೊರಗಿನಿಂದ ಬಂದ ನಾನು ಕಿಟಕಿ ತೆರೆದು, ನಿಮ್ಮ ಮೂಗೇನು ಉಂಡೆಗೆ ಮಾತ್ರವಾ ಅಂತ ರೇಗಿದ್ದೆ. ಅವತ್ತು ಅವರು ತಲೆ ತಗ್ಗಿಸಿ ಸೊಪ್ಪು ಬಿಡಿಸುತ್ತಲೇ ಇದ್ದರು. ಈಗ ಅದೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ಜನ ಹೊಗಳಿದ ಮೂಗು ನನ್ನದು. ವಜ್ರದ ಮೂಗುಬಟ್ಟು ನನಗೆ ಬರಬೇಕಿತ್ತು.

“ಯಾಕೆ ಹೇಳ್ಲಿಲ್ಲ ಅಕ್ಕ? ಇಷ್ಟು ವರ್ಷ ನನಗೆ ಟೋಪಿ ಹಾಕಿದ್ರಲ್ಲ.”

“ಹೇಳಿದ್ರೆ ಆ ಅಡುಗೆಮನೇಲಿ ನನಗೇನು ಕೆಲ್ಸ ಇತ್ತು? ತೋಳೂ ನಿಂದು, ಮೂಗೂ ನಿಂದು. ನಾನು ಸುಮ್ನೆ ಸ್ಟೂಲಿನ ಮೇಲೆ ಕೂತ ಮುದುಕಿ.”

“ಮತ್ತೆ ಈಗ್ಯಾಕೆ ಹೇಳಿದ್ರಿ? ಹೇಳದೇ ಇದ್ದಿದ್ರೆ ಬರ್ಬಹುದಿತ್ತಲ್ಲ.”

“ಅದೂ ಯೋಚ್ನೆ ಮಾಡಿದೆ” ಅಂದರು ಅಕ್ಕ. “ನಾನು ಇವತ್ತು ಬಂದ್ರೂ ಎಷ್ಟು ದಿನ ಇರ್ತೀನಿ? ಆಮೇಲೆ ನೀನು ಒಬ್ಬಳೇ ಆ ಬಾಣಲೆ ಮುಂದೆ ನಿಂತು ಯಾರೋ ಹೇಳ್ತಾರೆ ಅಂತ ಕಾಯ್ತಾ ಕಾಯ್ತಾ ಹೊತ್ತಿಸ್ತಾ ಇದ್ರೆ, ನನಗೆ ಎಲ್ಲಿದ್ರೂ ಸಮಾಧಾನ ಇರುತ್ತಾ? ಯಾವ ಡಬ್ಬಿ ಕಳಿಸ್ತೀಯೋ ನೀನೇ ನೋಡು. ಇಡ್ತೀನಿ, ಇವಳು ಬಂದ್ಲು.”

ಆ ರಾತ್ರಿ ಊಟ ರುಚಿಸಲಿಲ್ಲ. ಹೊತ್ತಿದ ಉಂಡೆಯ ಡಬ್ಬಿ ಮೇಜಿನ ಮೇಲೆ ಇತ್ತು. ಅದನ್ನೇ ಕಳಿಸಿದರೆ ಅಕ್ಕ ಬರುತ್ತಾರೆ. ಅವರಿಗೂ ಬರಬೇಕು, ನನಗೂ ಬೇಕು, ಇನ್ಯಾರಿಗೇನು ನಷ್ಟ ಅಂತ ಲೆಕ್ಕ ಹಾಕುತ್ತ ಮಲಗಿದೆ.

ಬೆಳಗ್ಗೆ ಎದ್ದವಳೇ ಬಾಣಲೆ ತೊಳೆದೆ. ಅಳಿಯ ಮಧ್ಯಾಹ್ನಕ್ಕೆ ಮುಂಚೆ ಬರುತ್ತೇನೆ ಅಂದಿದ್ದ. ಸುಮ್ಮನೆ ಒಂದು ಸಲ ನೋಡೋಣ, ಅಕ್ಕ ಹೇಳಿದ್ದು ನಿಜವೋ ಸುಳ್ಳೋ ಅಂತ ನೆಪ ಮಾಡಿಕೊಂಡೆ. ಯಾವ ಡಬ್ಬಿ ಅನ್ನುವುದು ಆಮೇಲಿನ ಮಾತು. ಕೇಸರಿ ನಾಲ್ಕು ಎಸಳು ಬಿಸಿ ಮಾಡಿ ಪುಡಿ ಮಾಡಿ ಇಟ್ಟುಕೊಂಡೆ, ಹಿಂದಿನ ದಿನ ಹಾಕಿರಲಿಲ್ಲ. ಸ್ಟೂಲನ್ನು ಸ್ವಲ್ಪ ಸರಿಸಿ, ಅಕ್ಕ ಕೂರುವ ಜಾಗಕ್ಕೇ ತಂದಿಟ್ಟೆ.

ಹಿಟ್ಟು ಸುರಿದ ಮೇಲೆ ಮಾತು ಶುರು ಮಾಡಬೇಕಿತ್ತು. ಬಾಯೇ ಬರಲಿಲ್ಲ. ಖಾಲಿ ಮನೆಯಲ್ಲಿ ತನ್ನ ದನಿ ತಾನೇ ಕೇಳಿಸಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಕಿಟಕಿ ಮುಚ್ಚಿ ಬಂದೆ, ಟೈಲರ್‌ಗೆ ಕೇಳಿಸಬಾರದು ಅಂತ. ಆಮೇಲೆ ಸ್ಟೂಲಿನ ಕಡೆ ಬೆನ್ನು ಮಾಡಿ, ಮೊದಲು ಮೆಲ್ಲಗೆ ಶುರು ಮಾಡಿದೆ.

“ಮೂಗಂತೆ ಮೂಗು. ಎದುರು ಮನೆಯವರು ನಿನಗೆ ಸೀರೆ ಕೊಟ್ರಲ್ಲ, ನಿನ್ನ ಮೂಗಿಗೆ ಅಂತ. ತಗೊಂಡೆಯಲ್ಲ, ಕಣ್ಣು ಕೂಡ ಮಿಟುಕಿಸದೆ. ಆ ಸೀರೆ ಯಾರದು? ನಂದು. ನೀಲಿ ಅಂಚು ನನಗೇ ಒಪ್ಪೋದು, ನಿನಗಲ್ಲ.”

ಎದುರಿಗಿದ್ದಾಗ ನಾನು ಅವರನ್ನು ಏಕವಚನದಲ್ಲಿ ಕರೆದವಳಲ್ಲ. ಖಾಲಿ ಸ್ಟೂಲಿಗೆ ಮರ್ಯಾದೆ ಯಾಕೆ ಅನ್ನಿಸಿತು. ಸೌಟು ಭಾರವಾಗುತ್ತ ಹೋದ ಹಾಗೆ ಬಾಯಿ ಹಗುರವಾಯಿತು. ನನಗಿಂತ ಮುಂಚೆ ಸ್ನಾನಕ್ಕೆ ಹೋಗಿ ಬಿಸಿನೀರೆಲ್ಲ ಮುಗಿಸುತ್ತಿದ್ದದ್ದು, ನನ್ನ ಗಂಡ ತಂದ ರೇಡಿಯೋವನ್ನು ತಮ್ಮ ತಲೆದಿಂಬಿನ ಹತ್ತಿರವೇ ಇಟ್ಟುಕೊಂಡದ್ದು, ನಾನು ಅತ್ತಾಗ ಏನೂ ಕೇಳದೆ ಕಾಫಿ ಮಾತ್ರ ಮಾಡಿ ತಂದು ಮುಂದಿಟ್ಟದ್ದು, ಎಲ್ಲದಕ್ಕೂ ಬೈದೆ. ಬೈಯುತ್ತ ಬೈಯುತ್ತ ಕಣ್ಣಲ್ಲಿ ನೀರು ಬಂತು. ಕೈ ಬಿಡುವ ಹಾಗಿಲ್ಲ, ತೋಳಲ್ಲೇ ಒರೆಸಿಕೊಂಡೆ. ಹಿಟ್ಟು ಸಡಿಲವಾಗುತ್ತಿತ್ತು.

“ಹೋಗೋವಾಗಲಾದ್ರೂ ಹೇಳ್ಬಾರದಿತ್ತಾ? ಟೈಲರೂ ಅಳಿಯನೂ ಇಬ್ಬರೂ ಹಿಡ್ಕೊಂಡು ಇಳಿಸ್ತಿದ್ರೆ, ಆ ಕಿಟಕಿ ಹತ್ರ ನಿಂತು ಮತ್ತದೇ ಸ್ಕೂಟರ್ ಮಾತು. ನಿನ್ನ ಮುಖ ಬೆವರಿ ಒದ್ದೆಯಾಗಿತ್ತು, ತುಟಿ ಕಚ್ಕೊಂಡಿದ್ದೆ, ಅಷ್ಟು ನೋವಲ್ಲೂ ನೋಡೇ ಸಣ್ಣೋಳೆ ಅಂತ ನನಗೆ…”

ಅಲ್ಲಿಗೆ ಮಾತು ನಿಂತಿತು. ಆ ಬೆವರಿದ ಮುಖವೇ ಕಣ್ಣ ಮುಂದೆ ಬಂತು. ಅವರನ್ನು ಆ ಮೆಟ್ಟಿಲಿಗೆ ಮತ್ತೆ ಕರೆಸುವುದಕ್ಕೆ ಡಬ್ಬಿ ತುಂಬಿಟ್ಟವಳು ನಾನು.

ಆಗ ಮನೆಯ ಮೌನ ಕೇಳಿಸಿತು. ಬಾಣಲೆಯಲ್ಲಿ ಸಣ್ಣಗೆ ನೊರೆಯಾಡುವ ಸದ್ದು ಬಿಟ್ಟರೆ ಏನಿಲ್ಲ. ಯಾರೂ ಏನೂ ಅನ್ನಲಿಲ್ಲ. ನಾನು ಕಾಯಲಿಲ್ಲ, ತಿರುಪು ತಿರುಗಿಸಿದೆ. ಬಗ್ಗಿ ಮೂಸಿ ನೋಡಿದರೆ ಅದೇ ಘಮ, ಇಷ್ಟು ವರ್ಷ ಅಕ್ಕನದು ಅಂದುಕೊಂಡಿದ್ದ ಘಮ. ಬಣ್ಣವೂ ಅದೇ. ಸಂತೋಷವಾಗಬೇಕಿತ್ತು. ಗೆದ್ದವಳ ಹಾಗೆ ಒಂದು ಗಳಿಗೆ ನಿಂತೆ, ಆಮೇಲೆ ಹೇಳಿಕೊಳ್ಳುವುದಕ್ಕೆ ಸ್ಟೂಲಿನ ಕಡೆ ತಿರುಗಿದೆ. ತಿರುಗಿದ್ದು ತಪ್ಪಾಯಿತು.

ಸ್ವಲ್ಪ ಆರಿದ ಮೇಲೆ ಸಕ್ಕರೆ ಪುಡಿ, ಏಲಕ್ಕಿ, ಜಾಯಿಕಾಯಿ, ಲವಂಗದ ಪುಡಿ, ಕೇಸರಿ ಎಲ್ಲ ಬೆರೆಸಿ ಕಟ್ಟಿದೆ. ಸೆಕೆಗೆ ಕಿಟಕಿ ತೆರೆದೆ. ಸ್ವಲ್ಪ ಹೊತ್ತಿಗೆ ಕೆಳಗೆ ಮಿಷಿನ್ ನಿಂತಿತು. ಟೈಲರ್ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಬಂದು ಮೇಲೆ ನೋಡಿದ. ಅವನ ಮುಖ ಅರಳಿತ್ತು.

“ದೊಡ್ಡಮ್ನೋರು ಬಂದ್ಬಿಟ್ರಾ?”

“ಇಲ್ಲ” ಅಂದೆ.

“ಮತ್ತೆ ಈ ಘಮ?”

ನಾನು ಕಿಟಕಿಯಿಂದ ಹಿಂದೆ ಸರಿದೆ.

ಅಳಿಯ ಬಂದ. ಒಳ್ಳೆಯ ಹುಡುಗ, ಮಾತು ಕಡಿಮೆ. ಕಾಫಿ ಕುಡಿದು ಬಸ್ಸಿಗೆ ಹೊತ್ತಾಯಿತು ಅಂದ. ಮೇಜಿನ ಮೇಲೆ ಒಂದೇ ಥರದ ಎರಡು ಸ್ಟೀಲ್ ಡಬ್ಬಿ ಇದ್ದವು. ಬಾಗಿಲ ಹತ್ತಿರ ಇದ್ದದ್ದು ಹೊತ್ತಿದ ಉಂಡೆಯದು, ಅವನು ಅದಕ್ಕೇ ಕೈ ಹಾಕಿದ.

“ಇದೇನಾ ಅತ್ತೆ?”

ಹೌದು ಅಂದಿದ್ದರೆ ಆಗುತ್ತಿತ್ತು. ನಾನೇನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೂ ಸಾಕಿತ್ತು. ಅವನ ಬೆರಳು ಹಿಡಿಯ ಮೇಲಿತ್ತು. ಬೀದಿಯಲ್ಲಿ ಆಟೋದವನು ಹಾರ್ನ್ ಹೊಡೆಯುತ್ತಿದ್ದ.

“ಅದಲ್ಲ, ಇದು” ಅಂದು ಹೊಸ ಡಬ್ಬಿಯನ್ನು ಅವನ ಕೈಗೆ ಕೊಟ್ಟೆ. “ಅಲುಗಾಡಿಸ್ಬೇಡಿ, ಇನ್ನೂ ಪೂರ್ತಿ ಆರಿಲ್ಲ.”

“ಅಮ್ಮನಿಗೆ ಏನಾದ್ರೂ ಹೇಳ್ಬೇಕಾ?”

ದಿನವಿಡೀ ಮಾತಾಡುವಷ್ಟು ಇತ್ತು. “ಏನಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡೋಕೆ ಹೇಳಿ” ಅಂದೆ. ಅವನು ಇಳಿದುಹೋದ. ಕಿಟಕಿಯ ಹತ್ತಿರ ನಿಲ್ಲದೆ ದಡದಡನೆ ಇಳಿದ, ಮಂಡಿ ಗಟ್ಟಿ ಇರುವವನು.

ಮಧ್ಯಾಹ್ನವೆಲ್ಲ ಹೊತ್ತಿದ ಉಂಡೆಗಳ ಡಬ್ಬಿ ಮುಂದಿಟ್ಟುಕೊಂಡು ಕೂತೆ. ಒಂದು ತಿಂದೆ. ಕಹಿ. ಇನ್ನೊಂದು ತಿಂದೆ. ಮಾಡಿದವರು ತಿನ್ನಲೇಬೇಕಲ್ಲ.

ಕತ್ತಲಾಗುವ ಹೊತ್ತಿಗೆ ಫೋನ್ ಬಂತು. ನಾನು ಅಡುಗೆಮನೆಯಲ್ಲಿ ಸ್ಟವ್ ಪಕ್ಕದಲ್ಲೇ ನಿಂತು ತೆಗೆದುಕೊಂಡೆ.

“ಚೆನ್ನಾಗಿದೆಯಂತೆ” ಅಂದರು ಅಕ್ಕ. “ಇವಳು ತಿಂದ್ಲು. ಅಳಿಯಂದಿರು ದಾರೀಲೇ ಎರಡು ತಿಂದಿದಾರಂತೆ. ಮುಚ್ಚಳ ತೆಗೆದ್ರೆ ಘಮ ಬಾಗಿಲ ತನಕ ಬರ್ತಿದೆಯಂತೆ.”

“ನೀವು ತಿಂದ್ರಾ?”

“ತಿಂದೆ. ಸಿಹಿ ಇದೆ. ನಾಲಿಗೆ ಮೇಲೆ ಇಟ್ರೆ ಕರಗುತ್ತೆ. ಅಷ್ಟು ಗೊತ್ತಾಗುತ್ತೆ ನನಗೆ.” ಆಮೇಲೆ ಕೇಳಿದರು, “ಯಾರನ್ನ ಬೈದೆ?”

“ನಿಮ್ಮನ್ನೇ.”

“ಪೂರ್ತಿ?”

“ಪೂರ್ತಿ.”

“ಒಳ್ಳೇದಾಯ್ತು” ಅಂದರು. “ಇನ್ನು ವಾಪಸ್ ಬರ್ತೀನಿ ಅಂತ ಇವಳ ಹತ್ರ ಹೇಳೋಕೆ ನನಗೆ ನೆಪ ಒಂದೂ ಉಳೀಲಿಲ್ಲ ಬಿಡು.”

ಏನಾದರೂ ಹೇಳಬೇಕಿತ್ತು. ಟೈಲರ್ ಕೇಳಿದ ಮಾತು ಹೇಳೋಣ ಅಂದುಕೊಂಡೆ, ಆಗಲಿಲ್ಲ. ನಾನೇ ಬರುತ್ತೇನೆ ಒಂದು ಸಲ ಅನ್ನೋಣ ಅಂದುಕೊಂಡೆ, ಅದೂ ಆಗಲಿಲ್ಲ. ಕೊನೆಗೆ, “ಅಕ್ಕ, ಆ ಹಸಿರು ಸ್ಕೂಟರ್…” ಅಂತ ಶುರು ಮಾಡಿದೆ. ಮಾತು ಅರ್ಧಕ್ಕೇ ನಿಂತಿತು. ಮುಂದೆ ಹೋಗಲಿಲ್ಲ.

ಅತ್ತ ಕಡೆ ಅಕ್ಕ ಕೇಳಿಸಿಕೊಳ್ಳುತ್ತಿದ್ದರು. ಅವರ ಉಸಿರು ಕೇಳುತ್ತಿತ್ತು. ಸ್ಟೂಲಿನ ಮೇಲೆ ಕೂತು ಅಷ್ಟು ವರ್ಷ ಹೀಗೇ ಕೇಳಿಸಿಕೊಂಡಿರಬೇಕು.

“ಸಾಕು” ಅಂದರು ಅಕ್ಕ, ಮೆಲ್ಲಗೆ.

ನನ್ನ ಕೈ ತಾನಾಗೇ ಸ್ಟವ್ ತಿರುಪಿಗೆ ಹೋಯಿತು. ಅದನ್ನು ನಾನು ಬೆಳಗ್ಗೆಯೇ ಆರಿಸಿದ್ದೆ.